ನಮ್ಮ ಮನೆಯ ವಿಸಿಆರ್ ಮತ್ತು ಒಂದು ಕ್ಯಾಸೆಟ್ಟಿನ ಇತಿಹಾಸ

ನಮ್ಮ ಮನೆಗೆ ವಿಸಿಆರ್ ಬಂದದ್ದು 1989ರ ದೀಪಾವಳಿಗೆ. ಆಗ ನಾನು ಶಿರಹಟ್ಟಿಯಲ್ಲಿ ಪ್ರೌಢಶಾಲಾ ಶಿಕ್ಷಕ. ಹಲವು ತಿಂಗಳ ಉಳಿತಾಯ, ಮೇಲೆ ಸೊಸೈಟಿಯ ಸಾಲ. ಗದಗಿನ ಅಂಗಡಿಯಿಂದ ಬಸ್ಸಿನಲ್ಲಿ ಆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ತಂದೆ. ಕಂಡಕ್ಟರ್ ಅದಕ್ಕೂ ಅರ್ಧ ಟಿಕೆಟ್ ಕೇಳಿದ್ದು ನೆನಪಿದೆ.

ಇತಿಹಾಸದ ಮಾಸ್ತರನಾದ್ದರಿಂದ ಸ್ವಲ್ಪ ಹಿಂದಿನಿಂದ ಹೇಳಬೇಕು. ಜಪಾನಿನ ಸೋನಿ ಸಂಸ್ಥೆ 1975ರಲ್ಲಿ ಬೀಟಾಮ್ಯಾಕ್ಸ್ ಯಂತ್ರವನ್ನು ಹೊರತಂದರೆ, ಮರುವರ್ಷವೇ ಜೆವಿಸಿ ಸಂಸ್ಥೆ ವಿಎಚ್ಎಸ್ ತಂದಿತು. ಪೈಪೋಟಿಯಲ್ಲಿ ಗೆದ್ದದ್ದು ಎರಡನೆಯದು. ನಮ್ಮ ದೇಶದಲ್ಲಿ 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ವೇಳೆಗೆ ಬಣ್ಣದ ಟಿ.ವಿ. ಬಂದಿತು, ಅದರ ಬೆನ್ನಿಗೇ ವಿಡಿಯೊ ಹುಚ್ಚೂ ಹರಡಿತು. ಕಳ್ಳ ಕ್ಯಾಸೆಟ್ಟುಗಳ ಹಾವಳಿ ಎಷ್ಟಾಯಿತೆಂದರೆ 1984ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೇ ತಿದ್ದುಪಡಿ ಮಾಡಬೇಕಾಯಿತು.

ನಮ್ಮ ಭಾಗದಲ್ಲಿ ಯಂತ್ರವನ್ನು ಕೊಂಡವರು ಕಡಿಮೆ, ಬಾಡಿಗೆಗೆ ತಂದವರೇ ಹೆಚ್ಚು. ನಾನು ಮೊದಲು ನೌಕರಿಗೆ ಸೇರಿದ ಮುಂಡರಗಿಯಲ್ಲಿ ಓಣಿಯವರೆಲ್ಲ ಪಟ್ಟಿ ಹಾಕಿ ಒಂದು ರಾತ್ರಿಯ ಮಟ್ಟಿಗೆ ಟಿ.ವಿ. ಮತ್ತು ವಿಸಿಪಿ ತರಿಸುತ್ತಿದ್ದರು. ಕಟ್ಟೆಯ ಮೇಲೆ ಅದನ್ನಿಟ್ಟು, ಎದುರಿಗೆ ಜಮಖಾನೆ ಹಾಸಿ, ಬೆಳಗಿನವರೆಗೆ ಮೂರು ಸಿನೆಮಾ. ಮೂರನೆಯದು ಮುಗಿಯುವ ಹೊತ್ತಿಗೆ ಎಚ್ಚರವಿರುತ್ತಿದ್ದವನು ಯಂತ್ರದ ಕಾವಲಿಗೆ ಬಂದ ಹುಡುಗನೊಬ್ಬನೇ. ಮರುದಿನ ನನ್ನ ಮೊದಲ ಪೀರಿಯಡ್ಡಿನಲ್ಲಿ ಅರ್ಧ ತರಗತಿ ತೂಕಡಿಸುತ್ತಿತ್ತು. ನಾನೂ ತೂಕಡಿಸುತ್ತಿದ್ದೆನಾದ್ದರಿಂದ ಬೈಯಲು ಬಾಯಿ ಬರುತ್ತಿರಲಿಲ್ಲ.

ಯಂತ್ರದ ಒಳಗಿನ ವ್ಯವಸ್ಥೆಯನ್ನು ನಮ್ಮ ವಿಜ್ಞಾನ ಶಿಕ್ಷಕರು ಒಮ್ಮೆ ಮುಚ್ಚಳ ತೆಗೆದು ತೋರಿಸಿದ್ದರು. ಅರ್ಧ ಅಂಗುಲ ಅಗಲದ ಟೇಪು ಕ್ಯಾಸೆಟ್ಟಿನಿಂದ ಹೊರಬಂದು, ಓರೆಯಾಗಿ ನಿಂತ ಉರುಳೆಯೊಂದನ್ನು ಸುತ್ತಿಕೊಳ್ಳುತ್ತದೆ. ಟೇಪು ಸೆಕೆಂಡಿಗೆ ಎರಡೂಕಾಲು ಸೆಂಟಿಮೀಟರಿಗಿಂತ ತುಸು ಹೆಚ್ಚು ಮಾತ್ರ ಸರಿದರೆ, ಉರುಳೆ ಅದೇ ಸೆಕೆಂಡಿನಲ್ಲಿ 25 ಸುತ್ತು ತಿರುಗುತ್ತದೆ. ಮೂರು ತಾಸಿನ ಕ್ಯಾಸೆಟ್ಟಿನಲ್ಲಿ ಸುಮಾರು 258 ಮೀಟರ್ ಟೇಪು. ಪ್ರತಿ ಸಲ ನೋಡಿದಾಗಲೂ ಅದು ಉರುಳೆಗೆ ಉಜ್ಜಿ ಸವೆಯುತ್ತದೆ. ಒಂದರಿಂದ ಇನ್ನೊಂದಕ್ಕೆ ನಕಲು ಮಾಡಿದರೆ ಚಿತ್ರ ಮಸುಕಾಗುತ್ತದೆ, ಮೂರನೆಯ ನಕಲಿನಲ್ಲಿ ಮುಖ ಗುರುತಿಸುವುದೇ ಕಷ್ಟ. ಗದಗಿನ ಪಕ್ಕದ ಲಕ್ಕುಂಡಿಯಲ್ಲಿ 1007ರಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿದಳೆಂದು ನಾನು ಪ್ರತಿ ವರ್ಷ ಪಾಠ ಮಾಡುತ್ತಿದ್ದೆ. ತಾಳೆಗರಿಯ ನಕಲಿಗೆ ಈ ಮಸುಕಿನ ಕಾಟವಿರಲಿಲ್ಲ.

ಕ್ಯಾಸೆಟ್ಟಿನ ಬೆನ್ನಿನ ಮೂಲೆಯಲ್ಲಿ ಒಂದು ಚಿಕ್ಕ ಪ್ಲಾಸ್ಟಿಕ್ ಚೂರು ಇರುತ್ತಿತ್ತು. ಅದನ್ನು ಮುರಿದು ತೆಗೆದರೆ ಮುಂದೆ ಆ ಕ್ಯಾಸೆಟ್ಟಿನ ಮೇಲೆ ಬೇರೇನೂ ರೆಕಾರ್ಡ್ ಆಗದು. ಆದರೆ ಆ ತೂತಿನ ಮೇಲೆ ಒಂದು ತುಂಡು ಅಂಟುಪಟ್ಟಿ ಹಚ್ಚಿದರೆ ಮತ್ತೆ ಆಗುತ್ತದೆ. ಈ ಉಪಾಯ ಎಲ್ಲರಿಗೂ ಗೊತ್ತಿತ್ತು.

1991ರಲ್ಲಿ ಲಕ್ಷ್ಮೇಶ್ವರದಲ್ಲಿ ನನ್ನ ತಂಗಿಯ ಮದುವೆಯಾಯಿತು. ಆಗ ಲಕ್ಷ್ಮೇಶ್ವರ ಶಿರಹಟ್ಟಿ ತಾಲ್ಲೂಕಿನಲ್ಲಿ, ಅವೆಲ್ಲ ಧಾರವಾಡ ಜಿಲ್ಲೆಯಲ್ಲಿ. ಗದಗ ಜಿಲ್ಲೆಯಾದದ್ದು 1997ರಲ್ಲಿ. ಕಣ್ಣು ಕುಕ್ಕುವ ದೀಪ ಹಿಡಿದ ಹುಡುಗ, ಭುಜದ ಮೇಲೆ ಕ್ಯಾಮರಾ ಹೊತ್ತವನು, ಇವರಿಬ್ಬರ ನಡುವೆ ಅಕ್ಷತೆ ಹಾಕಲೂ ಜಾಗವಿರಲಿಲ್ಲ. ಅಪ್ಪ ಆ ದೀಪಕ್ಕೆ ಕೈ ಅಡ್ಡ ಹಿಡಿಯುತ್ತ, ಬೀಗರನ್ನು ಮಾತನಾಡಿಸುತ್ತ ಓಡಾಡುತ್ತಿದ್ದರು. ಅವರು 1994ರಲ್ಲಿ ತೀರಿಕೊಂಡರು. ಅವರ ಭಾವಚಿತ್ರಗಳು ಇವೆ. ನಡೆದಾಡಿದ್ದು, ಮಾತನಾಡಿದ್ದು ಆ ಕ್ಯಾಸೆಟ್ಟಿನಲ್ಲಿ ಮಾತ್ರ.

1996ರ ಮಾರ್ಚ್ 9, ಶನಿವಾರ. ಬೆಂಗಳೂರಿನಲ್ಲಿ ಭಾರತ–ಪಾಕಿಸ್ತಾನ ವಿಶ್ವಕಪ್ ಕ್ವಾರ್ಟರ್ ಫೈನಲ್. ನಮ್ಮವರು 287 ರನ್ ಮಾಡಿದ್ದರು. ಮರುದಿನ ರವಿವಾರ, ಟಿ.ವಿ. ಇಲ್ಲದ ಹುಡುಗರು ಬಂದು ನೋಡಲಿ ಎಂದು ಪಾಕಿಸ್ತಾನದ ಸರದಿಯನ್ನು ರೆಕಾರ್ಡ್ ಮಾಡಲು ಹೊರಟೆ. ಖಾಲಿ ಕ್ಯಾಸೆಟ್ ಇರಲಿಲ್ಲ. ಕಪಾಟಿನಲ್ಲಿ ಚೀಟಿ ಉದುರಿದ್ದೊಂದು ಸಿಕ್ಕಿತು. ಯಾವುದೋ ಹಳೆಯ ಸಿನೆಮಾ ಇರಬೇಕೆಂದುಕೊಂಡೆ. ರೆಕಾರ್ಡ್ ಗುಂಡಿ ಒತ್ತಿದರೆ ಯಂತ್ರ ಅದನ್ನು ಹೊರಕ್ಕೆ ತಳ್ಳಿತು. ಇನ್ನೊಮ್ಮೆ ಒತ್ತಿದೆ, ಮತ್ತೆ ತಳ್ಳಿತು. ಉತ್ತರಪತ್ರಿಕೆಯ ಕಟ್ಟಿಗೆ ಹಚ್ಚುವ ಅಂಟುಪಟ್ಟಿಯ ತುಂಡೊಂದನ್ನು ಹರಿದು ತೂತಿಗೆ ಹಚ್ಚಿದೆ. ಒಳಗೇನಿದೆ ಎಂದು ಒಂದು ನಿಮಿಷ ಹಾಕಿ ನೋಡಲಿಲ್ಲ. ಆಟ ಇನ್ನೂ ಮುಗಿಯದಿರುವಾಗಲೇ ಕರೆಂಟ್ ಹೋಯಿತು. ಶಪಿಸುತ್ತ ಟ್ರಾನ್ಸಿಸ್ಟರ್ ಹಚ್ಚಿ 39 ರನ್ನುಗಳ ಗೆಲುವನ್ನು ಕತ್ತಲಲ್ಲಿ ಕೇಳಿದೆವು.

ಬೇಸಿಗೆ ರಜೆಗೆ ತಂಗಿ ಮಗನನ್ನು ಕರೆದುಕೊಂಡು ಬಂದಳು. ಅವನಿಗೆ ಅಜ್ಜನನ್ನು ತೋರಿಸಬೇಕೆಂದಳು. ಅವ್ವ ಕೆಲಸ ಬಿಟ್ಟು, ತಲೆಯ ಮೇಲೆ ಸೆರಗು ಹೊದ್ದು ಮುಂದೆ ಬಂದು ಕುಳಿತಳು. ಪರದೆಯ ಮೇಲೆ ಬಂದವನು ಆಮಿರ್ ಸೊಹೈಲ್. ವೆಂಕಟೇಶ ಪ್ರಸಾದ್ ಅವನ ಸ್ಟಂಪ್ ಹಾರಿಸಿದ ಆ ಚೆಂಡನ್ನು ನಾಡೇ ಇಂದಿಗೂ ನೆನೆಯುತ್ತದೆ. ನನಗೆ ಮಾತ್ರ ಅದು ನೆನಪಾದರೆ ಬೆವರು ಬರುತ್ತದೆ.

ಯಾರೂ ಮಾತನಾಡಲಿಲ್ಲ. ಕೊನೆಗೆ ಅವ್ವ, “ಅವರು ಆಮ್ಯಾಲೆ ಬರತಾರೇನೋ, ಕುಂಡ್ರೋಣು” ಎಂದಳು. ನಾನು ಟೇಪನ್ನು ಮುಂದಕ್ಕೆ ಓಡಿಸಿದೆ. ಕರೆಂಟ್ ಹೋದ ಜಾಗದಲ್ಲಿ ಪರದೆ ನಡುಗಿ, ಮದುವೆಯ ಕೊನೆಯ ಒಂಬತ್ತು ನಿಮಿಷ ಉಳಿದಿತ್ತು. ಮದುಮಗಳನ್ನು ಕಳುಹಿಸುವ ದೃಶ್ಯ. ಅಪ್ಪ ಬಸ್ಸಿನ ಬಾಗಿಲ ಬಳಿ ನಿಂತು ಏನೋ ಹೇಳುತ್ತಿದ್ದಾರೆ. ಏನೆಂದು ಕೇಳಿಸದು, ಸ್ಟುಡಿಯೊದವರು ಅಲ್ಲಿ ಸಿನೆಮಾ ಹಾಡು ಸೇರಿಸಿದ್ದರು. ಮರುದಿನವೇ ಆ ಸ್ಟುಡಿಯೊಕ್ಕೆ ಹೋದೆ. ಮೂಲ ಕ್ಯಾಸೆಟ್ಟಿನ ಮೇಲೆ ಆಗಲೇ ಇನ್ನೆಷ್ಟೋ ಮದುವೆಗಳು ಆಗಿಹೋಗಿದ್ದವು.

ಮುಂದಿನದು ಎಲ್ಲರ ಮನೆಯ ಕಥೆ. ಕೇಬಲ್ ಬಂತು, ಸಿ.ಡಿ. ಬಂತು, ಕ್ಯಾಸೆಟ್ ಲೈಬ್ರರಿಗಳು ಮೊಬೈಲ್ ಅಂಗಡಿಗಳಾದವು. ನಮ್ಮ ಯಂತ್ರದ ಬೆಲ್ಟ್ ಸಡಿಲಾದಾಗ ಬೆಟಗೇರಿಯ ರಿಪೇರಿಯವರು ಎರಡು ಸಲ ಬದುಕಿಸಿಕೊಟ್ಟರು, ಮೂರನೆಯ ಸಲ ಕೈಮುಗಿದರು. 2016ರಲ್ಲಿ ಜಪಾನಿನ ಫುನಾಯ್ ಸಂಸ್ಥೆ ತಯಾರಿಕೆ ನಿಲ್ಲಿಸಿದಾಗ ಪತ್ರಿಕೆಯಲ್ಲಿ ಅದು ನಾಲ್ಕು ಸಾಲಿನ ಸುದ್ದಿ. ಮಳೆಗಾಲದ ತೇವಕ್ಕೆ ಟೇಪಿನ ಮೇಲೆ ಬಿಳಿ ಬೂಷ್ಟು ಕಾಣಿಸಿದ್ದರಿಂದ, ಮರುವರ್ಷ ಹುಬ್ಬಳ್ಳಿಯಲ್ಲಿ ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಬಂದೆ. ಅಂಗಡಿಯ ಹುಡುಗ ಕೇಳಿದ: “ಸರ್, ಮ್ಯಾಚ್ ಬ್ಯಾಡಲ್ರೀ? ಅದು ಯೂಟ್ಯೂಬಿನ್ಯಾಗ ಐತಿ.”

ಇಷ್ಟನ್ನು ಈಗ ಬರೆಯಲು ಕಾರಣವಿದೆ. ಮದುವೆಗೆ ಬರಲಾಗದ ನಮ್ಮ ಕಾಕಾನ ಮಗನಿಗೆ 1992ರಲ್ಲಿ ಆ ಕ್ಯಾಸೆಟ್ಟಿನ ಒಂದು ನಕಲನ್ನು ಅಮೆರಿಕಕ್ಕೆ ಕಳುಹಿಸಿದ್ದೆವು. ಅಲ್ಲಿನ ಟಿ.ವಿ. ಪದ್ಧತಿಯೇ ಬೇರೆ, ನಮ್ಮ ಕ್ಯಾಸೆಟ್ ಅಲ್ಲಿ ಓಡದು. ಆತ ಹಣ ಕೊಟ್ಟು ಅದನ್ನು ಅಲ್ಲಿನ ಪದ್ಧತಿಗೆ ಬದಲಾಯಿಸಿಕೊಂಡಿದ್ದ. ನಾನು ಕೇಳಿದಾಗ, ಮನೆ ಬದಲಿಸುವಾಗ ಕಳೆದಿದೆ ಎಂದಿದ್ದ. ಈಗ ಅವನಿಲ್ಲ. ಮನೆ ಖಾಲಿ ಮಾಡುತ್ತಿರುವ ಅವನ ಮಗಳು ಕಳೆದ ತಿಂಗಳು ಫೋನ್ ಮಾಡಿ, “ದೊಡ್ಡಪ್ಪ, ಒಂದು ಡಬ್ಬಿಯಲ್ಲಿ ಲಕ್ಷ್ಮೇಶ್ವರ ಅಂತ ಬರೆದ ಕ್ಯಾಸೆಟ್ ಸಿಕ್ಕಿದೆ” ಎಂದಳು. ಅವ್ವನಿಗೆ ಇನ್ನೂ ಹೇಳಿಲ್ಲ. ಟೇಪು ಯಾವ ಸ್ಥಿತಿಯಲ್ಲಿದೆಯೋ.

ಅದರ ಬೆನ್ನಿನ ಮೂಲೆಯಲ್ಲಿ ಚೂರು ಇದೆಯೋ ಇಲ್ಲವೋ ನೋಡು ಎಂದೆ. ನೋಡಿ ಬಂದಳು. ಇಲ್ಲ, ಮುರಿದಿದೆ ಎಂದಳು. ಅಂಟುಪಟ್ಟಿ? ಅದೂ ಇಲ್ಲವಂತೆ.