ಪ್ಲಗ್ ಪಾಯಿಂಟ್‌ಗೆ ಹೊಸ ಕವರ್ ಹಾಕಿಸ್ತೀರಾ? ಬಣ್ಣ ಆರಿಸೋ ಮೊದಲು ಇದನ್ನು ಗಮನಿಸಿ

ಶಿವಮೊಗ್ಗ: ಮನೆಗೆ ಪೇಂಟ್ ಮಾಡಿಸಿದ ಕೂಡಲೇ ಹಳೆ ಸ್ವಿಚ್ ಬೋರ್ಡ್ ಕಣ್ಣಿಗೆ ಚುಚ್ಚಲು ಶುರುವಾಗುತ್ತದೆ. ಶಿವಮೊಗ್ಗದ ಗಾಂಧಿ ಬಜಾರ್ ಆಗಲಿ, ಭದ್ರಾವತಿಯ ಬಿ.ಹೆಚ್.ರಸ್ತೆ ಆಗಲಿ, ಎಲೆಕ್ಟ್ರಿಕಲ್ ಅಂಗಡಿಗೆ ಹೋದರೆ ಬಿಳಿ, ಕಪ್ಪು, ಮರದ ಬಣ್ಣ ಅಂತ ಪ್ಲೇಟ್‌ಗಳ ಸಾಲೇ ಇರುತ್ತದೆ. ಆದರೆ ಕವರ್ ಚಂದ ಆದರೆ ಸಾಲದು, ಹಿಂದೆ ಏನಿದೆ ಅನ್ನೋದು ಮುಖ್ಯ.

ಹಳೆ ಪ್ಲೇಟ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅದನ್ನು ಬರೀ ಕೊಳೆ ಅಂದುಕೊಳ್ಳಬೇಡಿ. ಒಳಗೆ ವೈರ್ ಲೂಸ್ ಆಗಿ ಬಿಸಿಯಾಗಿರಬಹುದು. ಗೀಸರ್, ಇಸ್ತ್ರಿ ಪೆಟ್ಟಿಗೆ ಹಾಕುವ ಪಾಯಿಂಟ್‌ಗಳಲ್ಲಿ ಇದು ಜಾಸ್ತಿ. ಸರಿಪಡಿಸದೆ ಮೇಲೆ ಹೊಸ ಪ್ಲೇಟ್ ಕೂರಿಸಿದರೆ ಸುಟ್ಟ ಗುರುತು ಮುಚ್ಚಿಹೋಗುತ್ತದೆ, ಬಿಸಿ ಹಾಗೇ ಉಳಿಯುತ್ತದೆ. ಗೀಸರ್‌ಗೆ 16 ಆಂಪ್ ಸಾಕೆಟ್ಟೇ ಬೇಕು. 6 ಆಂಪ್‌ನದಕ್ಕೆ ಅಡಾಪ್ಟರ್ ಸಿಕ್ಕಿಸಿ ನಡೆಸುವುದು ಬೇಡ.

ಮಕ್ಕಳಿರುವ ಮನೆಗೆ ಶಟರ್ ಇರುವ ಸಾಕೆಟ್ ಒಳ್ಳೇದು. ಬಹುತೇಕ ಇಂಥ ಸಾಕೆಟ್‌ಗಳಲ್ಲಿ ಪ್ಲಗ್‌ನ ಉದ್ದನೆಯ ಅರ್ಥಿಂಗ್ ಪಿನ್ ಒಳಹೋದ ಮೇಲೆ ಕೆಳಗಿನ ಎರಡು ತೂತು ತೆರೆಯುತ್ತವೆ. ಎರಡು ಪಿನ್ನಿನ ಚಾರ್ಜರ್ ಸಿಕ್ಕಿಸಲು ಮೇಲಿನ ತೂತಿಗೆ ಪೆನ್ನು ಚುಚ್ಚುವುದು ನಮ್ಮಲ್ಲಿ ಮಾಮೂಲಿ. ಮಕ್ಕಳು ಅದನ್ನೇ ನೋಡಿ ಕಲಿಯುತ್ತವೆ! ತೂತು ಮುಚ್ಚುವ ಬಿಡಿ ಪ್ಲಾಸ್ಟಿಕ್ ಕ್ಯಾಪ್ ಕೊಳ್ಳುವುದಾದರೆ ಬಿಗಿಯಾಗಿ ಕೂರುತ್ತದಾ ನೋಡಿ. ಸಣ್ಣದು ಕಳಚಿ ಬಂದರೆ ಮಗುವಿನ ಬಾಯಿಗೆ ಹೋದೀತು.

ಮಳೆಗಾಲದಲ್ಲಿ ಇಲ್ಲಿನ ಗೋಡೆಗಳು ತೇವ ಹಿಡಿಯುತ್ತವೆ. ಜಗಲಿ, ಹಿತ್ತಲು, ಬೋರ್‌ವೆಲ್ ಪಂಪಿನ ಹತ್ತಿರ ಮುಚ್ಚಳವಿರುವ, ಐಪಿ44 ಅಥವಾ ಅದಕ್ಕಿಂತ ಹೆಚ್ಚಿನ ದರ್ಜೆಯ ಬಾಕ್ಸ್ ಹಾಕಿಸಿ. ಬೋರ್ಡ್‌ನಲ್ಲಿ ಖಾಲಿ ಬಿಟ್ಟ ಜಾಗಕ್ಕೆ ಬ್ಲ್ಯಾಂಕ್ ಪ್ಲೇಟ್ ಬೇಕೇ ಬೇಕು, ಇಲ್ಲದಿದ್ದರೆ ಹಲ್ಲಿ, ಇರುವೆ ಒಳಗೆ ಸಂಸಾರ ಹೂಡುತ್ತವೆ.

ಸಾಕೆಟ್ ಮೇಲೆ ಐಎಸ್‌ಐ ಗುರುತು, ಐಎಸ್ 1293 ಮತ್ತು ಸಿಎಂ/ಎಲ್ ನಂಬರ್ ನೋಡಿ. ಆ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ. ಅಂಗಡಿಯವರೂ ಸರಕು ಇಳಿಸಿಕೊಳ್ಳುವಾಗಲೇ ಇದನ್ನು ಮಾಡಿದರೆ ಗಿರಾಕಿ ಜತೆ ಜಗಳ ತಪ್ಪುತ್ತದೆ. ಒಂದು ಕಂಪನಿಯ ಪ್ಲೇಟ್ ಇನ್ನೊಂದರ ಫ್ರೇಮಿಗೆ ಸಾಮಾನ್ಯವಾಗಿ ಕೂರುವುದಿಲ್ಲ. ಹಳೆಯದರ ಫೋಟೊ, ಅಳತೆ ಒಯ್ಯಿರಿ.

ಹಳೆ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಹಿಂದೆ ಅರ್ಥಿಂಗ್ ವೈರೇ ಇಲ್ಲದಿರುವುದುಂಟು. ಹೇಗೂ ಬೋರ್ಡ್ ಬಿಚ್ಚುತ್ತೀರಲ್ಲ, ಎಲೆಕ್ಟ್ರಿಷಿಯನ್ ಹತ್ತಿರ ಅದನ್ನೂ ಪರೀಕ್ಷೆ ಮಾಡಿಸಿ. 30 ಮಿಲಿಆಂಪ್‌ನ ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಿ. ಎಂಸಿಬಿ ಇದೆಯಲ್ಲ ಅಂತ ಸುಮ್ಮನಾಗಬೇಡಿ, ಅದು ವೈರ್ ಕಾಯುತ್ತದೆ, ಶಾಕ್ ಹೊಡೆದಾಗ ಮನುಷ್ಯನನ್ನಲ್ಲ. ಪ್ಲೇಟ್ ಒಂದನ್ನೇ ಬದಲಿಸುವುದಾದರೂ ಮೇನ್ ಸ್ವಿಚ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿದ ಮೇಲೆಯೇ ಸ್ಕ್ರೂ ಬಿಚ್ಚಿ. ಕಂಬದಿಂದ ಮೀಟರ್‌ವರೆಗಿನ ತೊಂದರೆಗೆ ಮೆಸ್ಕಾಂ ಸಹಾಯವಾಣಿ 1912.