ಬಹುಮಾನಕ್ಕೆ ಮುಂಗಡ: ಲಾಟರಿ ವಂಚನೆಯಲ್ಲಿ ಶುಲ್ಕದ ಪಾತ್ರ

ಕರ್ನಾಟಕದಲ್ಲಿ ಲಾಟರಿ ನಿಷೇಧವಾದದ್ದು 2007ರಲ್ಲಿ. ಟಿಕೆಟ್ಟು ಹೋದರೂ ಮಾತು ಉಳಿದಿದೆ. ಎಣಿಸದೆ ದುಡ್ಡು ಬಂದವನನ್ನು ಕಂಡರೆ ‘ಲಾಟರಿ ಹೊಡೀತು’ ಎಂದು ಈಗಲೂ ಅನ್ನುತ್ತೇವೆ. ಮಾತು ಉಳಿದು ವಸ್ತು ಮರೆಯಾದ ಈ ಸ್ಥಿತಿ ಪ್ರಸ್ತುತ ವಿಷಯಕ್ಕೆ ಮುಖ್ಯವಾದದ್ದು. ಬಸ್ ನಿಲ್ದಾಣದ ಬಳಿ ಟಿಕೆಟ್ಟು ಕೊಂಡು, ಪತ್ರಿಕೆಯ ಫಲಿತಾಂಶದ ಮೇಲೆ ಬೆರಳಾಡಿಸಿ, ಅಂಕಿ ಕೂಡದಿದ್ದರೆ ಹರಿದು ಎಸೆಯುತ್ತಿದ್ದ ತಲೆಮಾರಿಗೆ ಲಾಟರಿಯ ನಡೆ ಗೊತ್ತಿತ್ತು. ಇಂದು ವಾಟ್ಸ್‌ಆ್ಯಪ್‌ನಲ್ಲಿ 25 ಲಕ್ಷ ‘ಗೆದ್ದ’ ಇಪ್ಪತ್ತರ ಹುಡುಗನಿಗೆ ಹೋಲಿಸಿ ನೋಡಲು ಆ ಅನುಭವವೇ ಇಲ್ಲ.

ಇಂಥ ವಂಚನೆಗೆ ನಮ್ಮಲ್ಲಿ ಚಾಲ್ತಿಯಲ್ಲಿರುವ ವಿವರಣೆ ಒಂದೇ: ಆಸೆ. ಮೋಸಹೋದವರ ಮುಂದೆ ‘ಅತಿಯಾಸೆ ಗತಿಗೇಡು’ ಎಂದುಬಿಟ್ಟರೆ ವಿಚಾರ ಮುಗಿಯಿತು. ಆದರೆ ಆಸೆಯಿಂದ ವಿವರಿಸಬಹುದಾದದ್ದು ಮೊದಲ ಕರೆಯನ್ನು ಮಾತ್ರ. ಹಣ ಹೋಗುವುದು ಎರಡನೆಯ, ಮೂರನೆಯ, ಐದನೆಯ ಕಂತಿನಲ್ಲಿ. ಆ ಕಂತುಗಳನ್ನು ಕಟ್ಟಿಸುವುದು ಬಹುಮಾನದ ಆಸೆಗಿಂತ ಹೆಚ್ಚಾಗಿ ಕಚೇರಿಯ ರೂಢಿ ಎಂಬುದು ಈ ಲೇಖನದ ವಾದ.

ಉಪಾಯ ಹಳೆಯದು. ತಾನೇ ಜೈಲು ಕಂಡು ಬಂದು, ಆಮೇಲೆ ಪ್ಯಾರಿಸ್ಸಿನ ಪತ್ತೇದಾರಿ ದಳದ ಮುಖ್ಯಸ್ಥನಾದ ವಿಡಾಕ್, 1828ರಿಂದ ಪ್ರಕಟವಾಗತೊಡಗಿದ ತನ್ನ ಆತ್ಮಕಥೆಯಲ್ಲಿ ‘ಜೆರುಸಲೇಮಿನ ಪತ್ರ’ಗಳನ್ನು ವರ್ಣಿಸಿದ್ದಾನೆ. ಕೈದಿಗಳು ಸಿರಿವಂತರಿಗೆ ಬರೆಯುತ್ತಿದ್ದ ಪತ್ರಗಳಿವು: ಕ್ರಾಂತಿಯ ಗದ್ದಲದಲ್ಲಿ ದೇಶ ಬಿಟ್ಟ ಧಣಿಯ ಒಡವೆಪೆಟ್ಟಿಗೆ ನಿಮ್ಮೂರ ಹತ್ತಿರವೇ ಅಡಗಿದೆ, ಅದನ್ನು ತೆಗೆಸಲು ಮೊದಲು ಸ್ವಲ್ಪ ಹಣ ಬೇಕು. ನೂರು ಪತ್ರ ಬರೆದರೆ ಇಪ್ಪತ್ತಕ್ಕೆ ಉತ್ತರ ಬರುತ್ತಿತ್ತಂತೆ. ವಿಡಾಕ್ ಬಡಾಯಿಯ ಮನುಷ್ಯ, ಅವನ ಲೆಕ್ಕವನ್ನು ಹಾಗೆಯೇ ಒಪ್ಪಬೇಕಾಗಿಲ್ಲ. ಮುಂದೆ ಇದೇ ಕಥೆ ‘ಸ್ಪೇನಿನ ಕೈದಿ’ಯ ಪತ್ರವಾಯಿತು, ನೈಜೀರಿಯಾದ ದಂಡಸಂಹಿತೆಯ ಕಲಮಿನಿಂದ ಹೆಸರು ಪಡೆದ ‘419’ ಮಿಂಚಂಚೆಯಾಯಿತು. ಕಥೆಯ ವೇಷ ಬದಲಾಯಿತು, ‘ಮೊದಲು ಸ್ವಲ್ಪ ಹಣ’ ಬದಲಾಗಲಿಲ್ಲ.

ನಮ್ಮಲ್ಲಿ ಅದು ತೊಟ್ಟ ವೇಷ ‘ಕೌನ್ ಬನೇಗಾ ಕರೋಡ್‌ಪತಿ’ಯದು. 2000ದಲ್ಲಿ ಹಿಂದಿಯಲ್ಲಿ ಶುರುವಾದ ಈ ರಸಪ್ರಶ್ನೆ ಕಾರ್ಯಕ್ರಮ 2012ರಲ್ಲಿ ಪುನೀತ್ ರಾಜ್‌ಕುಮಾರ್ ನಿರೂಪಣೆಯ ‘ಕನ್ನಡದ ಕೋಟ್ಯಧಿಪತಿ’ಯಾಗಿ ನಮ್ಮ ಮನೆಗಳಿಗೂ ಬಂತು. ಅದರಲ್ಲಿ ಲಾಟರಿಯೇ ಇಲ್ಲ. ಗೆಲ್ಲಬೇಕಾದರೆ ಪ್ರಶ್ನೆಗೆ ಉತ್ತರಿಸಬೇಕು. ಆದರೂ ವಂಚಕರ ಸಂದೇಶದಲ್ಲಿ ‘ಸಿಮ್ ಕಾರ್ಡ್ ಲಕ್ಕಿ ಡ್ರಾ’ ಎಂಬ ಶೀರ್ಷಿಕೆ, ನಿರೂಪಕರ ಚಿತ್ರ, ಒಂದು ಲಾಟರಿ ಸಂಖ್ಯೆ, ‘ಬ್ಯಾಂಕ್ ಮ್ಯಾನೇಜರ್’ ಒಬ್ಬನ ವಾಟ್ಸ್‌ಆ್ಯಪ್ ನಂಬರು ಇರುತ್ತವೆ. 25 ಲಕ್ಷ ಎಂಬ ಮೊತ್ತವನ್ನೂ ಯೋಚಿಸಿಯೇ ಆರಿಸಿದಂತಿದೆ: ಕಾರ್ಯಕ್ರಮದ ಬಹುಮಾನದ ಏಣಿಯಲ್ಲಿ 25 ಲಕ್ಷದ ಮೆಟ್ಟಿಲು ನಿಜವಾಗಿ ಇದ್ದದ್ದೇ. ಇಂಥ ಅನೇಕ ಕರೆಗಳ ಸಂಖ್ಯೆ ಪಾಕಿಸ್ತಾನದ ದೇಶಸಂಖ್ಯೆಯಾದ 92ರಿಂದ ಶುರುವಾಗುತ್ತದೆ ಎಂದು ದೆಹಲಿ ಪೊಲೀಸರು ಎಚ್ಚರಿಸಿದ್ದಾರೆ. ನಮ್ಮದು 91, ಒಂದಂಕಿಯ ವ್ಯತ್ಯಾಸ ಅವಸರದ ಕಣ್ಣಿಗೆ ಬೀಳುವುದಿಲ್ಲ.

ಅಸಲಿ ಲಾಟರಿಯ ನಡೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1998ರ ಲಾಟರಿ (ನಿಯಂತ್ರಣ) ಕಾಯ್ದೆಯ ಪ್ರಕಾರ ಲಾಟರಿ ನಡೆಸುವ ಅಧಿಕಾರ ರಾಜ್ಯ ಸರ್ಕಾರಗಳಿಗೆ ಮಾತ್ರ. ಟಿಕೆಟ್ಟಿನ ಮೇಲೆ ರಾಜ್ಯದ ಲಾಂಛನವಿರಬೇಕು. ಬೇರೆ ರಾಜ್ಯದ ಟಿಕೆಟ್ಟಿನ ಮಾರಾಟವನ್ನು ತನ್ನ ಗಡಿಯೊಳಗೆ ನಿಷೇಧಿಸಲು ಒಂದು ರಾಜ್ಯಕ್ಕೆ ಅವಕಾಶವಿದೆ. ಅಂದಮೇಲೆ ಮೊಬೈಲ್ ಕಂಪನಿಯ ಲಾಟರಿ, ಕೋಲಾ ಕಂಪನಿಯ ಲಾಟರಿ ಎಂಬವು ಹುಟ್ಟಿನಲ್ಲೇ ಕಾನೂನಿಗೆ ಹೊರಗಿನವು. ಇದಕ್ಕಿಂತ ಮುಖ್ಯವಾದ ಅಂಶ ಇನ್ನೊಂದಿದೆ. ಕಾಗದದ ಟಿಕೆಟ್ಟನ್ನು ಮಾರುವವನು ಕೊಂಡವರ ಹೆಸರು ಬರೆದಿಟ್ಟುಕೊಳ್ಳುವುದಿಲ್ಲ. ಬಹುಮಾನ ಯಾರ ಜೇಬಿನಲ್ಲಿದೆ ಎಂಬುದು ಇಲಾಖೆಗೂ ತಿಳಿಯದು. ಗೆದ್ದವನೇ ಟಿಕೆಟ್ಟು ಹಿಡಿದು ಹುಡುಕಿಕೊಂಡು ಹೋಗಬೇಕು. ‘ನಿಮಗೆ ಬಹುಮಾನ ಬಂದಿದೆ’ ಎಂದು ಯಾರೋ ಫೋನು ಮಾಡುವುದು ಈ ವ್ಯವಸ್ಥೆಯಲ್ಲಿ ಆಗದ ಮಾತು.

ಕೇರಳದ ಉದಾಹರಣೆ ಶುಲ್ಕದ ಪ್ರಶ್ನೆಯನ್ನೂ ಬಿಡಿಸುತ್ತದೆ. ಅಲ್ಲಿನ 2022ರ ತಿರುವೋಣಂ ಬಂಪರ್‌ನ ಮೊದಲ ಬಹುಮಾನ 25 ಕೋಟಿ. ಏಜೆಂಟರ ಕಮಿಷನ್ ಶೇ 10 ಹೋಗಿ 22.5 ಕೋಟಿ, ಅದರಲ್ಲಿ ಶೇ 30 ತೆರಿಗೆ ಕಳೆದು ಗೆದ್ದವರಿಗೆ ಸಿಗುವುದು 15.75 ಕೋಟಿ. ಒಂಬತ್ತು ಕೋಟಿಗೂ ಹೆಚ್ಚು ಕಡಿತವಾಯಿತು. ಆದರೆ ಗೆದ್ದವರು ಒಂದು ರೂಪಾಯಿಯನ್ನೂ ಮುಂಗಡವಾಗಿ ಕಟ್ಟಬೇಕಾಗಿರಲಿಲ್ಲ. 2024ರಲ್ಲಿ ಇದೇ ಬಂಪರ್, ಕೇರಳದಲ್ಲಿ ಮಾರಾಟವಾದ ಟಿಕೆಟ್ಟಿನ ಮೂಲಕ ಕರ್ನಾಟಕದವರೊಬ್ಬರಿಗೆ ಬಂದಾಗಲೂ ನಿಯಮ ಇದೇ. ಕೊಡುವವರೇ ಮೂಲದಲ್ಲಿ ತೆರಿಗೆ ಹಿಡಿಯಬೇಕೆಂಬುದು 1961ರ ಆದಾಯ ತೆರಿಗೆ ಕಾಯ್ದೆಯ 194ಬಿ ಕಲಮು ಹಾಕಿಕೊಟ್ಟ ದಾರಿ.

ಅದೇ ಕಲಮಿಗೆ ಒಂದು ಉಪಬಂಧವಿದೆ, ವಂಚಕರಿಗೆ ಅನುಕೂಲವಾಗಿರುವುದು ಅದೇ. ಬಹುಮಾನ ನಗದಲ್ಲದೆ ಕಾರಿನಂಥ ವಸ್ತುವಾಗಿದ್ದರೆ, ತೆರಿಗೆ ಸಂದಾಯವಾಗಿದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಕೊಡುವವರು ವಸ್ತುವನ್ನು ಕೈಬಿಡಬೇಕು. ಅಂಚೆಯಲ್ಲಿ ಬರುವ ಸ್ಕ್ರ್ಯಾಚ್ ಕಾರ್ಡಿನ ಮೋಸ ಈ ಅರೆಸತ್ಯದ ಮೇಲೆ ನಿಂತಿದೆ. ಆನ್‌ಲೈನ್ ಅಂಗಡಿಯ ಹೆಸರಿನ ಲಕೋಟೆ, ಉಜ್ಜಿದರೆ ಕಾರು, ‘ತೆರಿಗೆ ಕಟ್ಟದೆ ಗಾಡಿ ಬಿಡುಗಡೆಯಾಗುವುದಿಲ್ಲ’ ಎಂಬ ಮಾತು. ವಿದ್ಯಾವಂತರು ಅಂತರ್ಜಾಲದಲ್ಲಿ ಪರಿಶೀಲಿಸಿದರೆ ಕಾನೂನೂ ಹಾಗೇ ಹೇಳುತ್ತಿದೆ ಎಂದು ಕಾಣುತ್ತದೆ! ನೋಡಬೇಕಾದದ್ದು ಹಣ ಎಲ್ಲಿಗೆ ಹೋಗುತ್ತಿದೆ ಎಂಬುದನ್ನು. ತೆರಿಗೆ ಸರ್ಕಾರದ ಖಾತೆಗೆ, ಪ್ಯಾನ್ ಸಂಖ್ಯೆಯ ಹೆಸರಿನಲ್ಲಿ, ಚಲನ್ ಮೂಲಕ ಹೋಗುತ್ತದೆ. ಯಾರದೋ ಉಳಿತಾಯ ಖಾತೆಗೋ ಯುಪಿಐ ಐಡಿಗೋ ಹೋಗುವ ತೆರಿಗೆ ಎಂಬುದಿಲ್ಲ.

ಈಗ ಶುಲ್ಕಗಳ ಹೆಸರನ್ನು ಗಮನಿಸೋಣ. ನೋಂದಣಿ, ಫೈಲ್ ಚಾರ್ಜ್, ಜಿಎಸ್‌ಟಿ, ಕರೆನ್ಸಿ ಬದಲಾವಣೆ, ಆರ್‌ಬಿಐ ಎನ್‌ಒಸಿ, ಇನ್ಶೂರೆನ್ಸ್. ಒಂದೂ ಕನಸಿನ ಭಾಷೆಯಲ್ಲ, ಎಲ್ಲವೂ ಕೌಂಟರಿನ ಭಾಷೆ. ಪಹಣಿಗೆ, ಜಾತಿ ಪ್ರಮಾಣಪತ್ರಕ್ಕೆ, ಡ್ರೈವಿಂಗ್ ಲೈಸೆನ್ಸಿಗೆ ನಾವು ಮೊದಲು ದುಡ್ಡು ಕಟ್ಟಿಯೇ ಕಾಯುವುದು. ನಿವೇಶನಕ್ಕೆ ಆರಂಭಿಕ ಠೇವಣಿ, ಸಾಲಕ್ಕೆ ಪ್ರೊಸೆಸಿಂಗ್ ಫೀ, ಕ್ರಯಕ್ಕೆ ಮುದ್ರಾಂಕ ಶುಲ್ಕ. ರಸೀದಿ ಇಲ್ಲದೆ ‘ಖರ್ಚಿಗೆ’ ಎಂದು ಕೈಗಿಡುವ ಪದ್ಧತಿಯೂ ನಮಗೆ ಹೊಸತಲ್ಲ. ಕಡತ ಕದಲಬೇಕಾದರೆ ಮುಂಚೆ ಏನಾದರೂ ಬಿಚ್ಚಬೇಕು ಎಂಬ ತಿಳಿವಳಿಕೆ ಮೈಗೆ ಹತ್ತಿರುವ ಸಮಾಜದಲ್ಲಿ ಮುಂಗಡ ಕೇಳಿದಾಗ ಅನುಮಾನ ಹುಟ್ಟುವುದಿಲ್ಲ, ಅನುಮಾನ ಕಳೆಯುತ್ತದೆ. ದುಡ್ಡು ಕೇಳುತ್ತಿದ್ದಾರೆಂದರೆ ಕೆಲಸ ನಡೆಯುತ್ತಿದೆ ಎಂದೇ ಅರ್ಥ.

ಮುಂದಿನ ಕಂತುಗಳಿಗೆ ಮನಃಶಾಸ್ತ್ರದ ವಿವರಣೆ ಸಾಕಷ್ಟಿದೆ. ಚಿಕ್ಕ ಕೋರಿಕೆಗೆ ಒಪ್ಪಿದವರು ದೊಡ್ಡದಕ್ಕೂ ಒಪ್ಪುವ ಸಂಭವ ಹೆಚ್ಚೆಂದು ಫ್ರೀಡ್‌ಮನ್ ಮತ್ತು ಫ್ರೇಸರ್ 1966ರಲ್ಲಿ ತೋರಿಸಿದರು. ಕಳೆದುಕೊಂಡದ್ದೇ ಇನ್ನಷ್ಟು ಹೂಡಲು ಕಾರಣವಾಗುವುದನ್ನು ಆರ್ಕ್ಸ್ ಮತ್ತು ಬ್ಲೂಮರ್ 1985ರಲ್ಲಿ. ಆದರೆ ನನಗೆ ಹೆಚ್ಚು ಉಪಯುಕ್ತವೆನಿಸಿದ್ದು ಬ್ರಿಟನ್ನಿನ ನ್ಯಾಯಬದ್ಧ ವ್ಯಾಪಾರ ಕಚೇರಿಗಾಗಿ ಎಕ್ಸೆಟರ್ ವಿಶ್ವವಿದ್ಯಾಲಯ ನಡೆಸಿ 2009ರಲ್ಲಿ ಪ್ರಕಟವಾದ ಅಧ್ಯಯನ. ಮೋಸಹೋದವರು ಯೋಚಿಸದೆ ಹೆಜ್ಜೆಯಿಟ್ಟವರಲ್ಲ, ಉಳಿದವರಿಗಿಂತ ಹೆಚ್ಚು ತಲೆ ಖರ್ಚುಮಾಡಿದವರು ಎಂಬ ಸೂಚನೆ ಅಲ್ಲಿದೆ. ಇನ್ನೊಂದು: ಅವರು ತಮ್ಮ ನಿರ್ಧಾರವನ್ನು ಮನೆಯವರಿಂದ ಮುಚ್ಚಿಡುತ್ತಾರೆ. ‘ಹಣ ಕೈಸೇರುವವರೆಗೆ ಯಾರಿಗೂ ಹೇಳಬೇಡಿ’ ಎಂದು ವಂಚಕ ಹೇಳುವುದು ಇದನ್ನು ಬಲ್ಲವನಾಗಿಯೇ. ಹೇಳಿದರೆ ಮನೆಯಲ್ಲಿ ಸಿಗುವುದು ಆ ‘ಅತಿಯಾಸೆ’ಯ ಗಾದೆ, ಹಾಗಾಗಿ ನಮ್ಮ ಗಾದೆಯೂ ಅವನ ಕೆಲಸಕ್ಕೆ ಒದಗುತ್ತದೆ.

ಕಾಗುಣಿತದ ತಪ್ಪು, ಒಡ್ಡೊಡ್ಡು ಭಾಷೆ ಮೋಸದ ಗುರುತು ಎಂದು ಕೈಪಿಡಿಗಳು ಕಲಿಸುತ್ತವೆ. ಗುರುತು ಹೌದು, ಆದರೆ ಬೇರೆ ಅರ್ಥದಲ್ಲಿ. ಮೈಕ್ರೋಸಾಫ್ಟ್‌ನ ಸಂಶೋಧಕ ಕೋರ್ಮಾಕ್ ಹರ್ಲಿ 2012ರ ಪ್ರಬಂಧದಲ್ಲಿ ವಾದಿಸಿದಂತೆ, ನಗೆಪಾಟಲಿನ ಸಂದೇಶ ವಂಚಕನಿಗೆ ಜರಡಿಯಾಗುತ್ತದೆ. ಅನುಮಾನ ಪಡುವವರು ಮೊದಲೇ ಜಾರಿಹೋಗುತ್ತಾರೆ. ಉಳಿದವರ ಮೇಲೆ ಮಾತ್ರ ಅವನು ಹೊತ್ತು ವ್ಯಯಿಸುತ್ತಾನೆ. ಈಗಂತೂ ಯಂತ್ರಗಳು ಶುದ್ಧ ಕನ್ನಡದಲ್ಲೇ ಪತ್ರ ಬರೆದುಕೊಡುತ್ತವೆ, ಕಾಗುಣಿತವನ್ನು ನೆಚ್ಚಿ ಕೂರುವ ಕಾಲ ಇದಲ್ಲ. ಹಣ ಪಡೆಯುವವನಿಂದ ಕೊಡುವವನ ಕಡೆಗೆ ಹರಿಯುವುದನ್ನು ಮಾತ್ರ ಯಾವ ಯಂತ್ರವೂ ತಿದ್ದಲಾರದು. ತಿದ್ದಿದರೆ ವಂಚನೆಯೇ ಉಳಿಯುವುದಿಲ್ಲ.

ವಿದೇಶಿ ಲಾಟರಿಯ ವಿಷಯ ಚಿಕ್ಕದು. ಲಾಟರಿ ಟಿಕೆಟ್ಟಿಗಾಗಿ ಹೊರದೇಶಕ್ಕೆ ಹಣ ಕಳಿಸುವುದನ್ನು ವಿದೇಶಿ ವಿನಿಮಯದ 2000ದ ನಿಯಮಗಳೇ ನಿಷೇಧಿಸಿವೆ. ರಿಸರ್ವ್ ಬ್ಯಾಂಕು ವ್ಯಕ್ತಿಗಳ ಖಾತೆ ಇಟ್ಟುಕೊಳ್ಳುವುದಿಲ್ಲ, ಬಹುಮಾನ ಬಿಡುಗಡೆಗೆಂದು ಯಾರಿಗೂ ಪತ್ರ ಬರೆಯುವುದಿಲ್ಲ.

ಕೊನೆಯ ಕಂತೊಂದಿದೆ, ಅದರ ಬಗ್ಗೆ ಚರ್ಚೆ ಕಡಿಮೆ. ಎಲ್ಲ ಕಳೆದುಕೊಂಡು ಕೆಲವು ತಿಂಗಳಾದ ಮೇಲೆ ಹೊಸ ದನಿಯೊಂದು ಕರೆಮಾಡುತ್ತದೆ: ವಕೀಲ, ಸೈಬರ್ ಅಧಿಕಾರಿ, ‘ರಿಕವರಿ’ ಕಂಪನಿ. ಮೋಸಹೋದವರ ಪಟ್ಟಿಯೂ ಮಾರಾಟದ ಸರಕೇ. ಹೋದ ಹಣ ಸಿಕ್ಕಿದೆ, ದೂರು ನೋಂದಣಿಗೆ ಇಷ್ಟು, ಬಿಡುಗಡೆ ಆದೇಶಕ್ಕೆ ಇಷ್ಟು ಎಂಬ ಲೆಕ್ಕ ಮತ್ತೆ ಶುರುವಾಗುತ್ತದೆ. ಆಸೆಯ ಸಿದ್ಧಾಂತ ಸೋಲುವುದು ಇಲ್ಲೇ. ತನ್ನದೇ ಹಣವನ್ನು ಮರಳಿ ಬಯಸುವುದು ಅತಿಯಾಸೆಯಲ್ಲ. ಕಚೇರಿಗೆ ಹೋದರೆ ಶುಲ್ಕವಿದ್ದೇ ಇರುತ್ತದೆ ಎಂಬ ರೂಢಿಯಷ್ಟೇ ಅಲ್ಲಿ ಕೆಲಸಮಾಡುತ್ತಿರುವುದು. ಸೈಬರ್ ಸಹಾಯವಾಣಿ 1930ಕ್ಕೆ ಕರೆಮಾಡಿ ದೂರು ಕೊಡಲು ಏನೂ ಕಟ್ಟಬೇಕಾಗಿಲ್ಲ. ಬೇಗ ತಿಳಿಸಿದರೆ ಹಣವನ್ನು ದಾಟಿಹೋಗುತ್ತಿರುವ ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆಯೂ ಹೆಚ್ಚು. ಠಾಣೆಯಲ್ಲಿ ದಾಖಲಾದ ಎಫ್‌ಐಆರ್‌ನ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ ಬರೆದಿದೆ.