ಕಟ್ಟಿಗೆಗೆ ಒಗ್ಗಿದ ಯಂತ್ರ ಹುಲ್ಲಿಗೆ ಏಕೆ ಮುನಿಯುತ್ತದೆ?

1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಕಟ್ಟಿಗೆಯಿಂದ ಕರೆಂಟ್ ಹುಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಲ್ಲಿ ಗ್ಯಾಸಿಫೈಯರ್ ಕೂರಿಸಿದ್ದರು. ಕಟ್ಟಿಗೆ ಚೂರುಗಳನ್ನು ಕಡಿಮೆ ಗಾಳಿಯಲ್ಲಿ ಸುಟ್ಟರೆ ಉರಿಯುವ ಅನಿಲ ಬರುತ್ತದೆ. ಆ ಅನಿಲದಿಂದ ಎಂಜಿನ್ ಓಡಿಸಿದರು. ಮನೆಗಳಿಗೆ ದೀಪ ಬಂತು, ಹಿಟ್ಟಿನ ಗಿರಣಿ ತಿರುಗಿತು. ಕಟ್ಟಿಗೆಗೆಂದೇ ಊರಿನ ಜಾಗದಲ್ಲಿ ಮರ ಬೆಳೆಸಿದರು.

ಗದ್ದೆಯಲ್ಲಿ ಹುಲ್ಲು ಬಿದ್ದಿರುವಾಗ ಮರವೇ ಏಕೆ ಬೇಕು? ಒಂದು ಕಾರಣ ಬೂದಿ. ನೂರು ಕೆ.ಜಿ. ಒಳ್ಳೆಯ ಕಟ್ಟಿಗೆ ಸುಟ್ಟರೆ ಒಂದು ಕೆ.ಜಿ. ಆಸುಪಾಸು ಬೂದಿ ಉಳಿಯುತ್ತದೆ. ಅಷ್ಟೇ ಭತ್ತದ ಹುಲ್ಲಿಗೆ ಸುಮಾರು 15 ಕೆ.ಜಿ. ಅದರಲ್ಲಿ ಮರಳಿನ ಅಂಶವಾದ ಸಿಲಿಕಾ ಇದೆ, ಪೊಟ್ಯಾಷ್ ಕೂಡ ಇದೆ.

ಈ ಜೋಡಿ ಹಳೆಯದು. ಬರೀ ಬಿಳಿ ಮರಳು ಕರಗಲು 1,700 ಡಿಗ್ರಿ ಶಾಖ ಬೇಕು. ಮಧ್ಯಯುಗದ ಯುರೋಪಿನ ಕಾಡುಗಳಲ್ಲಿ ಗಾಜು ಮಾಡುತ್ತಿದ್ದವರು ಮರಳಿಗೆ ಮರದ ಬೂದಿ ಬೆರೆಸಿ, ಅದಕ್ಕಿಂತ ಬಹಳ ಕಡಿಮೆ ಶಾಖದಲ್ಲೇ ಕರಗಿಸುತ್ತಿದ್ದರು. ಕೆಲಸ ಮಾಡುತ್ತಿದ್ದದ್ದು ಬೂದಿಯ ಪೊಟ್ಯಾಷ್. ಅವರಿಗೆ ವರವಾದದ್ದೇ ಮುಂದೆ ಎಂಜಿನಿಯರುಗಳಿಗೆ ತಲೆನೋವಾಯಿತು.

1920ರ ದಶಕದಲ್ಲಿ ಜರ್ಮನಿಯ ಫ್ರಿಟ್ಸ್ ವಿಂಕ್ಲರ್ ಹೊಸ ಬಗೆಯ ಕುಲುಮೆ ಕಂಡುಹಿಡಿದರು. ಕೆಳಗಿನಿಂದ ಗಾಳಿ ಊದಿದರೆ ಪುಡಿ ಕಲ್ಲಿದ್ದಲು ಎಸರಿನಂತೆ ಕುದಿಯುತ್ತದೆ, ಶಾಖ ಎಲ್ಲೆಡೆ ಸಮನಾಗಿ ಹರಡುತ್ತದೆ. 1926ರಲ್ಲಿ ಲೊಯ್ನಾದ ಕಾರ್ಖಾನೆಯಲ್ಲಿ ಇದು ಕೆಲಸಕ್ಕೆ ಬಂತು. ಬೂದಿ ಮೆತ್ತಗಾಗುವಷ್ಟು ಶಾಖ ಏರಿಸುವಂತಿಲ್ಲ ಎಂಬ ಕಟ್ಟುಪಾಡು ಆಗಲೇ ಇತ್ತು.

ಮುಂದೆ ಇದೇ ಬಗೆಯ ಕುಲುಮೆಯಲ್ಲಿ ಮರಳು ತುಂಬಿ ಕಟ್ಟಿಗೆ, ಹುಲ್ಲು ಹಾಕಿದರು. ಹುಲ್ಲಿನ ಪೊಟ್ಯಾಷ್ ಸಿಲಿಕಾ ಜೊತೆ ಸೇರಿ 800 ಡಿಗ್ರಿಯ ಆಸುಪಾಸಿನಲ್ಲೇ ಕರಗತೊಡಗುತ್ತದೆ. ಬೆಲ್ಲದ ಪಾಕ ಹತ್ತಿದ ಶೇಂಗಾ ಚಿಕ್ಕಿಯಾದಂತೆ ಮರಳಿನ ಕಾಳುಗಳು ಒಂದಕ್ಕೊಂದು ಅಂಟುತ್ತವೆ. ಕುದಿಯುತ್ತಿದ್ದ ಮರಳು ಗಟ್ಟಿಯಾಗಿ ನಿಲ್ಲುತ್ತದೆ. ಮತ್ತೆ ಯಂತ್ರ ಆರಿಸಿ, ತಣಿಸಿ, ಕಿಟ್ಟ ಒಡೆದು ತೆಗೆಯಬೇಕು.

ಆಸ್ಟ್ರಿಯಾದ ಗ್ಯೂಸಿಂಗ್ ಊರಿನ ಸ್ಥಾವರದಲ್ಲಿ 2002ರ ಹೊತ್ತಿಗೆ ಮರಳಿನ ಬದಲು ಆಲಿವಿನ್ ಎಂಬ ಕಲ್ಲಿನ ಪುಡಿ ಬಳಸಿದರು. ಅದು ಡಾಂಬರಿನಂಥ ಮಡ್ಡಿಯನ್ನೂ ಒಡೆಯುತ್ತದೆ, ಅಂಟುವುದೂ ಕಡಿಮೆ. ಆದರೆ ಅಲ್ಲಿ ಹಾಕುತ್ತಿದ್ದದ್ದು ಕಟ್ಟಿಗೆ. ಭತ್ತದ ಹುಲ್ಲಿನಲ್ಲಿ ಸಿಲಿಕಾ ಒಳಗೇ ಇರುವುದರಿಂದ ಮರಳು ಬದಲಿಸಿದರಷ್ಟೇ ಸಾಲದು.

ಡೆನ್ಮಾರ್ಕಿನಲ್ಲಿ ಗೋಧಿ, ಬಾರ್ಲಿ ಹುಲ್ಲನ್ನು ವಿದ್ಯುತ್ ಸ್ಥಾವರಗಳಲ್ಲಿ ಸುಡುತ್ತಾರೆ. ಅಲ್ಲಿ ಹೊಲದಲ್ಲೇ ಮಳೆಗೆ ನೆಂದು ಬೂದುಬಣ್ಣಕ್ಕೆ ತಿರುಗಿದ ಹುಲ್ಲಿಗೆ ಬೆಲೆ. ಮಳೆ ಪೊಟ್ಯಾಷನ್ನು ತೊಳೆದು ಮಣ್ಣಿಗೇ ಇಳಿಸುತ್ತದೆ.

ನಮ್ಮನ್ನು ಯೋಚನೆಗೆ ಹಚ್ಚಿದ್ದು ಇದೇ. ನಮ್ಮ ದೇಶ ಪೊಟ್ಯಾಷ್ ಗೊಬ್ಬರವನ್ನು ಹೊರದೇಶಗಳಿಂದ ತರಿಸುತ್ತದೆ. ಕುಲುಮೆಯನ್ನು ಕಟ್ಟಿಸುವ ಅದೇ ಪೊಟ್ಯಾಷ್ ನಮ್ಮ ಹೊಲದ ಆಸ್ತಿ. ನಾಳೆ ಯಾರಾದರೂ ಊರಿಗೆ ಬಂದು, "ಈ ಯಂತ್ರಕ್ಕೆ ಏನು ಹಾಕಿದರೂ ನಡೆಯುತ್ತೆ" ಎಂದರೆ ಎರಡು ಮಾತು ಕೇಳೋಣ: ಹುಲ್ಲು ಹಾಕಿ ಎಷ್ಟು ದಿನ ನಿಲ್ಲದೆ ಓಡಿಸಿದ್ದೀರಿ? ಬೂದಿ ಯಾರ ಹೊಲಕ್ಕೆ ವಾಪಸ್ ಬರುತ್ತದೆ?